ರೇವವ್ವ ಹೆಸರು ಹೇಳಿದ್ದಳೇ

ನಮ್ಮ ಬಾಜು ಮನೆಯ ರೇವವ್ವ ಚಿಗವ್ವ ಒಡಪು ಹೇಳಲು ನಿಂತರೆ ಉಳಿದ ಹೆಂಗಸರು ತಮ್ಮ ಗಂಡಂದಿರ ಹೆಸರನ್ನೇ ಮರೆಯುತ್ತಾರೆ. ಬಸುರಿಗೆ ಕುಬಸವಿರಲಿ, ಕೂಸಿಗೆ ತೊಟ್ಟಿಲಿರಲಿ, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವುದರಲ್ಲಿ ನವಲಗುಂದದ ಈ ಕಡೆಗೆ ಆಕೆಗೆ ಸಾಟಿಯಿಲ್ಲ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿದವಳಲ್ಲ.

ಇದೆಲ್ಲ ಶುರುವಾದದ್ದು ಒಂದು ಅಪವಾದದಿಂದ. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳಿ ಒಳಗೆ ಬಾ ಎಂದಿದ್ದರಂತೆ. ಹೇಳಿದೆ ಎನ್ನುತ್ತಾಳೆ ಚಿಗವ್ವ. ಹೇಳಲೇ ಇಲ್ಲ ಎನ್ನುತ್ತಾನೆ ಅವಳ ಗಂಡ ಈರಬಸಪ್ಪ ಕಾಕಾ. ಇವಳಿನ್ನೂ ಹೊಸ್ತಿಲಲ್ಲೇ ನಿಂತಿದ್ದಾಳೆ ಎಂದು ನಾಲ್ಕು ಜನ ಸೇರಿದಲ್ಲೆಲ್ಲ ಕೆಣಕುತ್ತಾನೆ. ಚಿಗವ್ವ ಸಿಟ್ಟಿಗೆದ್ದು, ಹಾಗಾದರೆ ಈಗ ಕೇಳಿರಿ ಎಂದು ಹೊಸದೊಂದು ಒಡಪು ಹೇಳುತ್ತಾಳೆ. ಜನ ನಗುತ್ತಾರೆ, ಅವಳೂ ನಗುತ್ತಾಳೆ. ಆದರೆ ಆ ಮಾತು ಅವಳಿಗೆ ನಟ್ಟಿತ್ತು. ಸೊಸೆಯನ್ನು ತಾನೇ ಮನೆ ತುಂಬಿಸಿಕೊಂಡ ಮೇಲೂ ಒಮ್ಮೆ ನನ್ನೆದುರು ಕಣ್ಣು ತುಂಬಿಕೊಂಡಿದ್ದಳು.

"ಹೆಸರ ಹೇಳಲಾರದ ಬಂದಾಕಿ ಅನಿಸ್ಕೊಂಡ ಸಾಯಬೇಕೇನೋ ಸುಭಾಸಾ."

ಹೋದ ಯುಗಾದಿಗೆ ಅಳ್ನಾವರದ ತವರಿಗೆ ಹೋದವಳು ಒಂದು ಕ್ಯಾಸೆಟ್ಟು ತಂದಳು. ಮನೆಗೆ ಬಣ್ಣ ಹಚ್ಚಲು ಅಟ್ಟದ ಸಾಮಾನು ಇಳಿಸುವಾಗ ತಮ್ಮನಿಗೆ ಸಿಕ್ಕಿತ್ತು. ಅವಳ ಮದುವೆಯ ಹೊತ್ತಿಗೆ ಹೊಸ ಟೇಪ್‌ರೆಕಾರ್ಡರ್ ಕೊಂಡ ಹುರುಪಿನಲ್ಲಿ ಆತ ಅಕ್ಕನ ಜೊತೆಗೇ ಬಂದು, ಅವಳನ್ನು ಮನೆ ತುಂಬಿಸಿಕೊಂಡದ್ದನ್ನೆಲ್ಲ ಅದರಲ್ಲಿ ಹಿಡಿದಿಟ್ಟಿದ್ದನಂತೆ.

ಸಿಡಿ, ಕ್ಯಾಸೆಟ್ಟು ಎರಡನ್ನೂ ಹಾಡಿಸಿ ಪೆನ್‌ಡ್ರೈವಿಗೆ ಇಳಿಸುವ ಪೆಟ್ಟಿಗೆ ಊರಲ್ಲಿ ಇರುವುದು ನನ್ನೊಬ್ಬನ ಹತ್ತಿರ. ನಮ್ಮ ಭಜನಾ ಮೇಳದ ಕ್ಯಾಸೆಟ್ಟುಗಳಿಗೆಂದು ತಂದದ್ದು. ಈಗ ಊರಿನವರ ಮದುವೆ, ಪುರಾಣ, ಸತ್ತವರ ಕೆಮ್ಮು ಎಲ್ಲ ನನ್ನ ಪಡಸಾಲೆಗೇ ಬರುತ್ತವೆ. ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ, ಗೊಣಗುವುದನ್ನಂತೂ ಬಿಡುವುದಿಲ್ಲ.

ಕ್ಯಾಸೆಟ್ಟು ನೋಡಿದ್ದೇ ಕಾಕಾ ಅಡ್ಡ ಬಂದ. ಪಟ್ಟಿ ಹಳೆಯದು, ಮಷಿನ್ನು ನುಂಗಿಬಿಟ್ಟರೆ ಇದ್ದದ್ದೂ ಹೋಗುತ್ತದೆ, ಬೇಡ ಎಂದ. ಸೋಲುವ ಭಯಕ್ಕೆ ಹೀಗೆನ್ನುತ್ತಾನೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಸಡಿಲಾಗಿದ್ದ ಪಟ್ಟಿಯನ್ನು ಪೆನ್ಸಿಲ್ಲಿನಿಂದ ತಿರುವಿ ಬಿಗಿ ಮಾಡಿದೆ, ಪೆನ್‌ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದೆ. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಕ್ಯಾಸೆಟ್ಟು ಹಾಡುವಷ್ಟು ಹೊತ್ತೂ ಕೂರಲೇಬೇಕು. ಕಾಕಾ ಮೆಲ್ಲಗೆ ಏಳಲು ನೋಡಿದ. ಚಿಗವ್ವ ಧೋತರದ ಚುಂಗು ಹಿಡಿದು ಕೂರಿಸಿದಳು.

ಮೊದಲು ಬಜಂತ್ರಿ ಕೇಳಿಸಿತು, ಯಾರದೋ ಕೂಸಿನ ಅಳು, ಆರತಿ ತಟ್ಟೆ ಎಲ್ಲಿ ಎಂದು ಹೆಂಗಸರ ಗದ್ದಲ. ಆಮೇಲೆ ಹೆದರಿದ ಸಣ್ಣ ದನಿಯೊಂದು ಬಂತು.

"ಎರಿಹೊಲದ ಹತ್ತಿ ಅರಳೇತಿ ಬೆಳ್ಳಗ, ಈರಬಸಪ್ಪನವರ ಹೆಸರ ಇಟ್ಟೀನಿ ಮನದೊಳಗ."

ಚಿಗವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂತೂ ಹೇಳಿದ್ದಳು. ಕ್ಯಾಸೆಟ್ಟಿನಲ್ಲಿ ಹೆಂಗಸರು ಅಷ್ಟಕ್ಕೇ ಬಿಡಲಿಲ್ಲ, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದು ಗಲಾಟೆ ಎಬ್ಬಿಸಿದರು. ಆ ಗಲಾಟೆಯ ಮೇಲೆ, ತೀರ ಹತ್ತಿರದಿಂದ, ಒಂದು ಎಳೆಯ ಗಂಡು ದನಿ.

"ನನಗ ಕೇಳಿಸೇತಿ. ಒಳಗ ಬಿಡ್ರಿ ಆಕಿನ್ನ."

ಅದು ಕಾಕಾನ ದನಿ. ವಯಸ್ಸು ಬೇರೆ, ಗತ್ತು ಇದೇ.

ಚಿಗವ್ವ ಗಂಡನ ಕಡೆ ತಿರುಗಿದಳು. ಕೇಳಿಯೂ ಕೇಳಿಲ್ಲವೆಂದು ಇಷ್ಟು ವರ್ಷ ನನ್ನನ್ನೇಕೆ ಅಳಿಸಿದಿರಿ ಎಂದು ಕೇಳಿದಳು.

"ಕೇಳಿಸೇತಿ ಅಂದಿದ್ರ," ಎಂದ ಕಾಕಾ ನೆಲ ನೋಡುತ್ತ, "ನೀ ಮತ್ತ ಹೇಳತಿದ್ದೇನು?"

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಂತ ಬಾಯಿಬಿಟ್ಟ ಕೇಳಬಾರದಾಗಿತ್ತೇನ್ರಿ," ಎಂದಳು. "ದಿನಾ ಹೇಳತಿದ್ದೆ."