ಡ್ರಮ್ಮಿನ ಮೇಲೆ ಬಿದ್ದವನು

ಮೊದಲು ತಳವನ್ನು ಬಡಿದು ತಗ್ಗಿಸಬೇಕು. ಖಾಲಿ ಎಣ್ಣೆ ಡ್ರಮ್ಮನ್ನು ಬೋರಲು ಹಾಕಿ, ಅಂಚಿನಿಂದ ನಡುವಿನತ್ತ ದೊಡ್ಡ ಸುತ್ತಿಗೆಯಿಂದ ಬಡಿಯುತ್ತ ಹೋದರೆ ತಗಡು ಬಾಣಲೆಯಂತೆ ಇಳಿಯುತ್ತದೆ. ಗಲ್ಫಿನ ರಾಯ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ನಾನು ಮೇಲ್ವಿಚಾರಕನಾಗಿರುವ ವರ್ಕ್‌ಶಾಪಿನಲ್ಲಿ ನನ್ನ ಗೆಳೆಯ ಹೀಗೆ ಬಡಿಯುವಾಗ ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಅವನು ಇಡುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಕಿವಿಯೇ ಹೇಳಬೇಕು ಎನ್ನುತ್ತಿದ್ದ.

ಅವನು ಕೆರಿಬಿಯನ್ ಸಮುದ್ರದ ಪೋರ್ಟ್ ಆಫ್ ಸ್ಪೇನ್ ಎಂಬ ಬಂದರು ನಗರದವನು. ರಿಫೈನರಿಯಲ್ಲಿ ಕೆಲಸ, ಮಂಗಫ್‌ನಲ್ಲಿ ಮನೆ. ಚರ್ಚಿನ ಗಾಯನ ತಂಡದಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ. ಕ್ರಿಸ್ಮಸ್ಸಿಗೆ, ಎಣ್ಣೆ ಡ್ರಮ್ಮಿನಿಂದ ಮಾಡುವ ತನ್ನ ಊರಿನ ವಾದ್ಯ ನುಡಿಸುವ ಆಸೆ ಅವನಿಗೆ. ಹಾಗಾಗಿ ಇಲ್ಲಿನ ರಜಾದಿನವಾದ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಇಬ್ಬರೂ ವರ್ಕ್‌ಶಾಪಿಗೆ ಬರುತ್ತಿದ್ದೆವು.

ಬಡಿಯುತ್ತಲೇ ಊರಿನ ಕಥೆ ಹೇಳುತ್ತಿದ್ದ. ಗುಲಾಮರಾಗಿದ್ದವರ ಮಕ್ಕಳು ಬೀದಿಯಲ್ಲಿ ಚರ್ಮದ ಡೋಲು ಬಾರಿಸಬಾರದೆಂದು ಇಂಗ್ಲಿಷರು ತಡೆದರಂತೆ. ಜನ ಬಿದಿರು ಕುಟ್ಟಿದರು. ಬಿದಿರು ಹೋಗಿ ಕಸದ ಡಬ್ಬಿ ಬಂತು, ಆಮೇಲೆ ಎಣ್ಣೆ ಡ್ರಮ್. ಬಂದರಿನ ಹಿಂದಿನ ಗುಡ್ಡದಲ್ಲಿ ಕೇರಿಗೊಂದು ತಂಡ. ಎರಡು ತಂಡಗಳು ಒಂದೇ ಬೀದಿಯಲ್ಲಿ ಎದುರಾದರೆ ಬಾಟಲಿ, ಮಚ್ಚು, ರಕ್ತ. ಅವನ ಅಪ್ಪನ ಹೆಗಲ ಮೇಲೆ ಮಚ್ಚಿನ ಗಾಯವಿತ್ತು.

"ಹೊಡೆದಾಟ ಶುರುವಾದರೆ ಮೊದಲು ಡ್ರಮ್ಮಿನ ಮೇಲೆ ಬೀಳು ಅಂತ ಅಪ್ಪ ಹೇಳ್ತಿದ್ದ" ಎಂದು ನಗುತ್ತಿದ್ದ. "ನಿನ್ನ ತಲೆಯನ್ನು ಆಸ್ಪತ್ರೆಯವರು ಹೊಲಿಯುತ್ತಾರೆ, ಡ್ರಮ್ಮನ್ನಲ್ಲ ಅಂತ."

ಆ ಶುಕ್ರವಾರ ತಳ ಸಿದ್ಧವಾಗಿತ್ತು. ಬೆಂಕಿಯಲ್ಲಿ ಕಾಯಿಸಿ ಆರಿಸಿ, ಸಣ್ಣ ಸುತ್ತಿಗೆಯಿಂದ ತಳದ ಒಂದೊಂದು ಜಾಗದಲ್ಲಿ ಒಂದೊಂದು ಸ್ವರ ಎಬ್ಬಿಸುತ್ತಿದ್ದ. ಹಿಂದಿನ ಕೋಣೆಯಲ್ಲಿ ಬಂಟ್ವಾಳದ ಕಡೆಯ ವೆಲ್ಡರ್ ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ವೆಲ್ಡರ್ ಬನಿಯನ್ನಿನಲ್ಲೇ ಹೊರಗೆ ಬಂದ. "ಎಂತ ಸಾರ್ ಇದು? ರಾತ್ರಿಯಿಡೀ ದುಡಿದವ ಮಲಗುದು ಬೇಡ್ವಾ? ಇದೆಂತ ಇವನ ಮದುವೆ ದಿಬ್ಬಣವಾ?"

"ಇನ್ನು ಅರ್ಧ ಗಂಟೆ, ಮಾರಾಯ" ಎಂದೆ ನಾನು.

"ಹೋದ ವಾರವೂ ನೀವು ಅದನ್ನೇ ಹೇಳಿದ್ದು." ನನ್ನ ಗೆಳೆಯನತ್ತ ತಿರುಗಿ ಸಾಕೆಂದು ಕಿರುಚಿದ: "ಖಲಾಸ್, ಭಾಯಿ! ಖಲಾಸ್!"

ಗೆಳೆಯ ನಕ್ಕು, ಬಾ ಎನ್ನುವಂತೆ ಸುತ್ತಿಗೆ ಚಾಚಿದ. "ಯಲ್ಲಾ, ಭಾಯಿ, ನೀನೂ ಒಂದು ಹೊಡಿ."

ವೆಲ್ಡರ್ ಒಳಗೆ ಹೋದ. ಕಬ್ಬಿಣದ ಪೈಪು ಹಿಡಿದು ಬಂದ. ಅವನ ಕಣ್ಣು ಡ್ರಮ್ಮಿನ ಮೇಲಿತ್ತು, ಮನುಷ್ಯನ ಮೇಲಲ್ಲ. ಪೈಪು ಮೇಲೇರಿದಾಗ ನನ್ನ ಗೆಳೆಯನ ಕೈಯಲ್ಲಿ ಇನ್ನೂ ಸುತ್ತಿಗೆಯಿತ್ತು. ಅದನ್ನು ಬಿಸುಟು ಡ್ರಮ್ಮಿನ ಮೇಲೆ ಮಗ್ಗುಲಾಗಿ ಬಿದ್ದ. ಮೊದಲ ಏಟು ಬೆನ್ನಿಗೆ. ಎರಡನೆಯದು ಬಲಗಿವಿಯ ಮೇಲೆ. ನಾನು ಪೈಪು ಹಿಡಿದುಕೊಳ್ಳುವಾಗ ವೆಲ್ಡರನ ಹಿಡಿತ ಆಗಲೇ ಸಡಿಲಿತ್ತು. ರಕ್ತ ಡ್ರಮ್ಮಿನ ತಗ್ಗಿನಲ್ಲಿ ಸೇರುವುದನ್ನು ವೆಲ್ಡರ್ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಕಿವಿಯ ಹೊರಗಡೆ ಹೊಲಿದರು. ಒಳಗಿನದು ಹೊಲಿಯುವಂಥದ್ದಲ್ಲ ಎಂದರು. ಬಲಗಡೆ ಏನೂ ಕೇಳದು, ಎಡಗಡೆ ಬಿಡದೆ ಶಿಳ್ಳೆ. ಜಾರಿಬಿದ್ದೆ ಎಂದೇ ಅವನು ಬರೆಸಿದ. ಇಲ್ಲದಿದ್ದರೆ ವೆಲ್ಡರ್ ಜೈಲು ಸೇರುತ್ತಿದ್ದ.

ಗಾಯ ಮಾಗಿದ ಮೇಲೆ ಗೆಳೆಯ ಮತ್ತೆ ವರ್ಕ್‌ಶಾಪಿಗೆ ಬಂದ. ಡ್ರಮ್ಮಿಗೆ ಪೈಪಿನ ಒಂದು ಏಟೂ ತಾಗಿರಲಿಲ್ಲ. ವೆಲ್ಡರ್ ಹೊಸ್ತಿಲಲ್ಲಿ ಕೂತಿದ್ದ, ಅಂದು ಮಲಗಿರಲಿಲ್ಲ. ಎಬ್ಬಿಸದೆ ಉಳಿದಿದ್ದ ಸ್ವರದ ಜಾಗವನ್ನು ಗೆಳೆಯ ತಟ್ಟಿದ. ಎಡಗಿವಿ ಬಗ್ಗಿಸಿ ಮತ್ತೆ ತಟ್ಟಿದ.

"ನೀನು ಹಾಡು" ಎಂದ. ಆ ಜಾಗದಲ್ಲಿ ಬರಬೇಕಾದ ಸ್ವರವನ್ನು ನಾನು ಹಿಡಿದೆ.

"ಎರಡೂ ಒಂದೇನಾ?"

"ಇಲ್ಲ. ನಿನ್ನದು ಸ್ವಲ್ಪ ಮೇಲಿದೆ."

ಬಡಿದ. "ಈಗ?"

"ಈಗ ಕೆಳಗಾಯಿತು."

ಆಮೇಲೆ ಅವನು ಕೇಳಲಿಲ್ಲ. ಸಣ್ಣ ಸುತ್ತಿಗೆ ಇಟ್ಟು ದೊಡ್ಡದನ್ನು ಎತ್ತಿಕೊಂಡ. ಒಂದೇ ಜಾಗಕ್ಕೆ, ಒಂದರ ಮೇಲೊಂದು ಏಟು. ನಾನು ಸಾಕೆಂದು ಕೂಗಿದೆ. ವೆಲ್ಡರ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಬಟ್ಟೆ ಹರಿದಂತೆ ಸದ್ದಾಗಿ ತಗಡು ಸೀಳಿತು. ವೆಲ್ಡರೂ ನಾನೂ ಬೆಚ್ಚಿದೆವು. ಅವನು ಮತ್ತೆರಡು ಏಟು ಹಾಕಿದ. ಸೀಳು ಕಣ್ಣಿಗೆ ಬಿದ್ದ ಮೇಲೆ ಅವನ ಕೈ ನಿಂತಿತು.