ಮಿಸ್ತ್ರಿಯ ಬಿಳಿ ಕರ್ಚೀಫು

ಧನಕವಡಿಯ ಸೈಲೆನ್ಸರ್ ಮಿಸ್ತ್ರಿ ಡೀಸೆಲ್ ಗಾಡಿ ಸರಿಹೋಯಿತೆಂದು ಬಾಯಿಂದ ಹೇಳುತ್ತಿರಲಿಲ್ಲ. ಎಂಜಿನ್ ರೇಸ್ ಮಾಡಿಸಿ, ಹೊಗೆಕೊಳವೆಗೆ ತಮ್ಮ ಬಿಳಿ ಕರ್ಚೀಫು ಹಿಡಿದು, ಅದರಿಂದಲೇ ಮುಖ ಒರೆಸಿಕೊಳ್ಳುತ್ತಿದ್ದರು. ‘ಪೆಟ್ರೋಲ್ ಗಾಡೀದು ಬ್ಯಾರೆ. ಡೀಸೆಲ್ ಮಸಿ ಉಗುಳ್ತದ್ರಿ, ಅದನ್ನ ಹಿಡಿಯೂ ಫಿಲ್ಟರ್ ಬೇಕ ಬೇಕು’ ಎಂಬುದು ಅವರ ಸದಾಕಾಲದ ಮಾತು.

ಒಮ್ಮೆ ನನ್ನೆದುರೇ ಬಿಬವೇವಾಡಿಯ ಬಟ್ಟೆ ವ್ಯಾಪಾರಿಯೊಬ್ಬರು ಡೀಸೆಲ್ ಜೀಪು ತಂದು ನಿಲ್ಲಿಸಿದರು. ಫಿಲ್ಟರ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ, ಅದನ್ನು ಕತ್ತರಿಸಿ ಬರೀ ಪೈಪು ಕೂಡಿಸಬೇಕೆಂದರು.

‘ಮನಿಯಿಂದ ಅಂಗಡಿತನಕ ಅಷ್ಟ ಓಡಿಸಿದ್ರ ಫಿಲ್ಟರ್ ಬಿಸಿ ಆಗಂಗಿಲ್ರಿ. ಹೈವೇಕ ಒಯ್ರಿ, ಮಸಿ ತಾನ ಸುಟ್ಟಹೋಗ್ತದ’ ಎಂದರು ಮಿಸ್ತ್ರಿ.

‘ಬ್ಯಾರೇದವರು ಕತ್ತರಿಸಿ ಕೊಡ್ತಾರಲ್ಲ?’

ಮಿಸ್ತ್ರಿ ಕರ್ಚೀಫನ್ನು ಅವರ ಕೈಗಿಟ್ಟರು. ‘ಕತ್ತರಸ್ತೀನ್ರಿ. ಆಮ್ಯಾಲ ಇದನ್ನ ಪೈಪಿಗಿ ಹಿಡದು ನೀವು ಮುಖಾ ಒರಸ್ಕೋರಿ.’