ತಿಕ್ಕಬಾರದಿದ್ದ ಹಂಚು

ಇವತ್ತು ಬೆಳಿಗ್ಗೆ ಒಲೆ ಮೇಲೆ ನಾನ್‌ಸ್ಟಿಕ್ ತವಾ ಇಟ್ಟು ಫೋನಿನಲ್ಲಿ ಮಾತಿಗೆ ನಿಂತೆ. ಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ತವಾದ ಕರಿ ಲೇಪ ಬೊಬ್ಬೆ ಎದ್ದಿತ್ತು. ಇದು ಐದನೆಯದು ಕಣ್ರೀ. ಹಳೇ ನಾಲ್ಕು ಅಟ್ಟದ ಮೇಲಿವೆ. ಅದರಲ್ಲೊಂದು ‘ಪರಿಸರಸ್ನೇಹಿ’ ಅಂತ ಡಬ್ಬದ ಮೇಲೆ ಬರೆಸಿಕೊಂಡು ಬಂದದ್ದು, ಅದೂ ಸುಲಿಯಿತು. ನ್ಯಾಮತಿಯ ಗುಜರಿಯವನು ಮೂಸಿಯೂ ನೋಡುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪರಿಸರದ ಪಾಠ ಮಾಡುವವಳು ನಾನು. ಯಾರಿಗಾದರೂ ಹೇಳಿದರೆ ನಗೆಪಾಟಲು.

ಇದೆಲ್ಲ ಶುರುವಾದದ್ದು ನನ್ನ ಅತಿಬುದ್ಧಿಯಿಂದ. ಮದುವೆಯಾಗಿ ಬಂದ ಹೊಸತು. ಅತ್ತೆಗೆ ಅವರ ಅತ್ತೆಯಿಂದ ಬಂದ ಕಬ್ಬಿಣದ ಹಂಚೊಂದಿತ್ತು. ಕರ್ರಗೆ, ನುಣ್ಣಗೆ, ದೋಸೆ ತಾನಾಗೇ ಏಳುತ್ತಿತ್ತು. ನನ್ನ ಕಣ್ಣಿಗೆ ಕಂಡದ್ದು ಮಾತ್ರ ಕೊಳೆ. ಅತ್ತೆ ಗೋವಿನಕೋವಿಗೆ ಮದುವೆಗೆ ಹೋದ ದಿನ ಸೋಪಿನ ಪುಡಿ, ಇಟ್ಟಿಗೆ ಪುಡಿ ಹಾಕಿ ಮಧ್ಯಾಹ್ನವೆಲ್ಲ ತಿಕ್ಕಿದೆ. ಹಂಚು ಬೆಳ್ಳಗೆ ಹೊಳೆಯಿತು. ಭೇಷ್ ಅನ್ನಿಸಿಕೊಳ್ಳಲು ಬಾಗಿಲಲ್ಲೇ ಕಾದೆ. ಅತ್ತೆ ಅದನ್ನು ತಿರುಗಿಸಿ ನೋಡಿ, “ಇದು ಪಳಗಾಕೆ ಎಷ್ಟು ವರ್ಷ ಹಿಡಿದಿತ್ತು ಗೊತ್ತೇನವ್ವ” ಎಂದಷ್ಟೇ ಹೇಳಿ ಸೀರೆ ಬದಲಿಸಲು ಒಳಗೆ ಹೋದರು. ಬೈದಿದ್ದರೆ ಮುಗಿದುಹೋಗುತ್ತಿತ್ತು. ಬೈಯಲಿಲ್ಲ, ಅದೇ ತ್ರಾಸು.

ಮರುದಿನ ದೋಸೆ ಅಂಟಿಕೊಂಡು, ಕೆರೆದು ಕೆರೆದು ಉಪ್ಪಿಟ್ಟಾಯಿತು. ಅವಮಾನ ತಡೆಯದೆ ಹಂಚನ್ನು ಅಟ್ಟಕ್ಕೆ ಹಾಕಿ, ಹೊನ್ನಾಳಿಗೆ ಹೋಗಿ ಮೊದಲ ನಾನ್‌ಸ್ಟಿಕ್ ತಂದೆ. ಅವತ್ತಿನಿಂದ ಅತ್ತೆ ದೋಸೆ ಹುಯ್ಯುವುದನ್ನೇ ಬಿಟ್ಟರು. ನನ್ನ ಮೇಲಿನ ಸಿಟ್ಟು ಅಂದುಕೊಂಡೆ. ಕೇಳುವ ಧೈರ್ಯವಾಗಲಿಲ್ಲ. ತವಾ ಮಾತ್ರ ಎರಡು ವರ್ಷಕ್ಕೊಂದು ಬರುತ್ತಲೇ ಇತ್ತು.

ಇವತ್ತು ತಲೆ ಕೆಟ್ಟುಹೋಯಿತು. ತುಕ್ಕು ಹಿಡಿದ ಹಂಚನ್ನು ಇಳಿಸಿ, ತೊಳೆದು, ಕಾಯಿಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ ದೋಸೆ ಹುಯ್ದೆ. ಎಬ್ಬಿಸಲು ಹೋದರೆ ಹರಿಯಿತು. ಇನ್ನೊಂದು ಹುಯ್ದೆ, ಅದೂ ಹರಿಯಿತು. ಸೌಟು ಕುಕ್ಕಿದ ಸದ್ದಿಗೆ ಅತ್ತೆ ಬಂದರು. ಹಂಚನ್ನು ನೋಡಿದರು.

“ಮದುವೆಯಾದ ವರ್ಷ ನಾನೂ ಹಿಂಗೇ ತಿಕ್ಕಿದ್ದೆ” ಅಂದರು. “ನಮ್ಮತ್ತೆ ಎಂಟು ದಿನ ಮಾತಾಡಿರಲಿಲ್ಲ. ನಿಂಗೆ ಹಂಗೆ ಮಾಡಬಾರ್ದು ಅಂತ ಸುಮ್ನಾದೆ.”

“ಮತ್ತೆ ದೋಸೆ ಹುಯ್ಯೋದು ಯಾಕೆ ಬಿಟ್ರಿ?”

“ನೀನು ಹೊಸ ತವಾ ತಂದೆ. ಇನ್ನು ನನ್ನ ಕೈ ದೋಸೆ ಬ್ಯಾಡೇನೋ ಅಂತ ತಿಳ್ಕಂಡೆ.”

ಅತ್ತೆ ಉರಿ ಸಣ್ಣ ಮಾಡಿ, ನನ್ನನ್ನು ಪಕ್ಕಕ್ಕೆ ಸರಿಸಿ ಸೌಟು ತಗೊಂಡರು. ಅವರು ಹುಯ್ದದ್ದೂ ಹರಿಯಿತು. ಇಬ್ಬರೂ ಒಲೆ ಮುಂದೆ ನಿಂತೇ ತಿಂದೆವು.